ಎರಡನೇ ರಿಮೋಟು

1983ರ ಹೊತ್ತಿಗೆ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮನೆಯ ಕಂಪ್ಯೂಟರಿನಲ್ಲಿ ಆಟ ಹಾಕಿದರೆ, ಆಟಕ್ಕಿಂತ ಮುಂಚೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ಎಷ್ಟು ಜನ ಆಡುತ್ತೀರಿ? ರ‍್ಯಾಂಡಿ ಗ್ಲೋವರ್ ಅಟಾರಿ ಕಂಪ್ಯೂಟರಿಗೆಂದು ಬರೆದು, ಎಪಿಕ್ಸ್ ಕಂಪನಿ ಆ ವರ್ಷ ಮಾರಾಟಕ್ಕೆ ತಂದ ‘ಜಂಪ್‌ಮ್ಯಾನ್’ ಒಬ್ಬರಿಂದ ನಾಲ್ವರ ತನಕ ಒಪ್ಪುತ್ತಿತ್ತು. ಏಣಿ ಹತ್ತಿ, ಹಗ್ಗ ಹಿಡಿದು, ಹಲಗೆಯಿಂದ ಹಲಗೆಗೆ ಹಾರಿ ಬಾಂಬುಗಳನ್ನು ಆಯಬೇಕು; ಒಟ್ಟು 30 ಹಂತ. ಅದೇ ವರ್ಷ ಇಂಗ್ಲೆಂಡಿನಲ್ಲಿ ಬಂದ ‘ಚಕ್ಕಿ ಎಗ್’ನಲ್ಲಿ ಆಯಬೇಕಾದದ್ದು ಮೊಟ್ಟೆ, ಅದೂ ಕೋಳಿಗಳು ಓಡಾಡುವ ಗೂಡಿನೊಳಗೆ. ಅದನ್ನು ಬರೆದ ನೈಜೆಲ್ ಆಲ್ಡರ್ಟನ್ ಆಗ ಇನ್ನೂ ಹದಿಹರೆಯದ ಹುಡುಗ. ಅದೂ ನಾಲ್ವರ ಆಟವೇ.

ನಾಲ್ವರ ಆಟವೆಂದರೆ ನಾಲ್ವರೂ ಒಟ್ಟಿಗೆ ಆಡುವುದಲ್ಲ. ಮೊದಲನೆಯವನ ಗೊಂಬೆ ಸತ್ತ ಮೇಲೆ ಎರಡನೆಯವನ ಪಾಳಿ, ಆಮೇಲೆ ಮೂರನೆಯವನದು. ಯಾರು ಯಾವ ಹಂತದಲ್ಲಿದ್ದರು, ಯಾರಿಗೆ ಎಷ್ಟು ಜೀವ ಉಳಿದಿದೆ ಎಂಬುದನ್ನು ಕಂಪ್ಯೂಟರು ನೆನಪಿಟ್ಟುಕೊಂಡು, ಪಾಳಿ ಬಂದಾಗ ಅಲ್ಲಿಂದಲೇ ಮುಂದುವರಿಸುತ್ತಿತ್ತು. ನಮ್ಮ ಕಡೆ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿ, ನಾಲ್ಕೂ ದಿಕ್ಕಿಗೆ ನಾಲ್ವರು ಕೂತು ಕವಡೆ ಬಿಡುವ ಚೌಕಾಬಾರದ ಲೆಕ್ಕವೇ ಇದು. ಒಬ್ಬರ ಕೈಯಲ್ಲಿ ಆಟ, ಮೂವರ ಕಣ್ಣಲ್ಲಿ ಆಟ.

ಹಲಗೆಯಿಂದ ಹಲಗೆಗೆ ಹಾರುವ ಈ ಪ್ಲಾಟ್‌ಫಾರ್ಮ್ ಆಟಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ ಇದ್ದಾರೆ. ಯಾವ ಯಂತ್ರ ಎಷ್ಟು ಮಾರಾಟವಾಯಿತು, ಯಾವ ಕಂಪನಿ ಎದ್ದಿತು, ಯಾವುದು ಬಿದ್ದಿತು ಎಂಬುದೆಲ್ಲ ಅವರ ಪುಸ್ತಕಗಳಲ್ಲಿದೆ. ದಾವಣಗೆರೆ, ಹರಿಹರದಂಥ ಊರುಗಳು ಅಲ್ಲಿ ಇಲ್ಲ. ಆದರೆ ‘ಎಷ್ಟು ಜನ ಆಡುತ್ತೀರಿ’ ಎಂಬ ಪ್ರಶ್ನೆಗೆ ನಮ್ಮ ಊರುಗಳು ಕೊಟ್ಟ ಉತ್ತರ ಬೇರೆಯೇ ಇತ್ತು. ಆಟ ಬರೆದವರು ಇಬ್ಬರಿಗೆಂದು ಬರೆದದ್ದನ್ನು ನಮ್ಮಲ್ಲಿ ಹತ್ತು ಮಂದಿ ಆಡಿದರು, ಒಬ್ಬರಿಗೆಂದು ಬರೆದದ್ದನ್ನು ಮೂವರು ಆಡಿದರು. ಅದರ ಕಥೆ ನನಗೆ ಗೊತ್ತಿರುವುದು ಅಪ್ಪನ ಕಾರಣದಿಂದ. ಅವರು ಟಿವಿ ರಿಪೇರಿ ಮಾಡುತ್ತಿದ್ದರು. ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ದಾಟಿದರೆ ಅವರ ಅಂಗಡಿ.

ನಿಜವಾದ ಹೋಮ್ ಕಂಪ್ಯೂಟರು ನಮ್ಮ ಮನೆಗಳಿಗೆ ಬರಲೇ ಇಲ್ಲ ಎನ್ನಬಹುದು. ದೇಶದೊಳಗೆ ಬಂದಿತ್ತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಶುರುಮಾಡಿ, ಆಯ್ದ ಶಾಲೆಗಳಿಗೆ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತು. ಚಕ್ಕಿ ಎಗ್ ಓಡುತ್ತಿದ್ದ ಯಂತ್ರಗಳಲ್ಲಿ ಅದೂ ಒಂದು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಕಂಪನಿ ಸಿಂಕ್ಲೇರ್ ಸ್ಪೆಕ್ಟ್ರಮ್ ಪ್ಲಸ್ ಯಂತ್ರವನ್ನು ಲೈಸೆನ್ಸ್ ಪಡೆದು ಮಾರುತ್ತಿತ್ತು. ಪುಣೆಯಿಂದ ಬೆಂಗಳೂರಿಗೆ ಹೋಗುವ ಪಿ.ಬಿ. ರಸ್ತೆ ಹರಿಹರ, ದಾವಣಗೆರೆಯ ನಡುವಿನಿಂದಲೇ ಹಾದುಹೋಗುತ್ತದೆ. ಆ ಕಂಪ್ಯೂಟರುಗಳ ಪೆಟ್ಟಿಗೆ ಹೊತ್ತ ಲಾರಿಗಳು ನಮ್ಮೂರಿನ ಮೇಲೆ ಹಾದು ಬೆಂಗಳೂರಿಗೆ ಹೋಗಿರಬಹುದು, ಇಲ್ಲಿ ಇಳಿಸುವವರು ಇರಲಿಲ್ಲ. ಹತ್ತಿ ಮಿಲ್ಲಿನ ಸಂಬಳದಲ್ಲಿ ಟಿವಿ ಕೊಳ್ಳುವುದೇ ದೊಡ್ಡ ಮಾತಾಗಿದ್ದ ಕಾಲ ಅದು.

ನಮಗೆ ಸಿಕ್ಕಿದ್ದು ಹೆಸರಿನಲ್ಲಿ ಕಂಪ್ಯೂಟರಾಗಿದ್ದ ಇನ್ನೊಂದು ಯಂತ್ರ. 1983ರ ಜುಲೈ 15ರಂದು ಜಪಾನಿನ ನಿಂಟೆಂಡೊ ಕಂಪನಿ 14,800 ಯೆನ್ ಬೆಲೆಗೆ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಕೆಂಪು-ಬಿಳಿ ಪೆಟ್ಟಿಗೆಯನ್ನು ಬಿಡುಗಡೆ ಮಾಡಿತು. ಅದನ್ನು ರೂಪಿಸಿದವರು ಮಸಾಯುಕಿ ಉಎಮುರಾ. ಅದರೊಳಗಿನ ಪ್ರೊಸೆಸರು 6502 ಎಂಬ ಚಿಪ್ಪಿನ ಒಡಹುಟ್ಟು. ಜಂಪ್‌ಮ್ಯಾನ್ ಓಡಿದ ಅಟಾರಿಯಲ್ಲಿ, ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊದಲ್ಲಿ ಇದ್ದದ್ದೂ ಅದೇ 6502 ವಂಶ. ಸ್ವಲ್ಪ ಕಾಲದಲ್ಲಿ ತೈವಾನಿನ ಚಿಪ್ ಕಾರ್ಖಾನೆಗಳು ಇದರ ಪಡಿಯಚ್ಚು ತೆಗೆದವು. ಜಗತ್ತಿನ ತುಂಬ ನೂರಾರು ಹೆಸರಿನಲ್ಲಿ ಅಗ್ಗದ ಪೆಟ್ಟಿಗೆಗಳು ಬಂದವು, ಹೆಚ್ಚಿನವು ನಿಂಟೆಂಡೊ ಒಪ್ಪಿಗೆ ಇಲ್ಲದವು. ರಷ್ಯಾದಲ್ಲಿ ಅದಕ್ಕೆ ಡೆಂಡಿ ಎಂದು ಹೆಸರು. ನಮ್ಮ ದೇಶದ ಅಂಗಡಿಗಳಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಿದ್ದವು. ದಾವಣಗೆರೆಯಲ್ಲಿ ಎಲ್ಲದಕ್ಕೂ ಒಂದೇ ಹೆಸರು: ವಿಡಿಯೋ ಗೇಮು. ಕಾರ್ಟ್ರಿಡ್ಜಿಗೆ ಕ್ಯಾಸೆಟ್ ಎನ್ನುತ್ತಿದ್ದರು, ಕೈಯಲ್ಲಿ ಹಿಡಿದು ಆಡುವುದಕ್ಕೆ ರಿಮೋಟು.

ನಕಲು ಮಾಡಿದ್ದು ಸರಿಯೇ ಎಂದು ಕೇಳಿದರೆ ಸರಿಯಲ್ಲ. ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಮಾರಿಕೊಂಡದ್ದು ಅದು. ಆದರೆ ಆ ನಕಲಿಲ್ಲದೆ ಹೋಗಿದ್ದರೆ ನಮ್ಮ ಪೀಳಿಗೆಯ ಮಿಲ್ ಕಾರ್ಮಿಕರ ಮಕ್ಕಳಿಗೆ 6502 ಚಿಪ್ಪಿನ ದರ್ಶನವೇ ಆಗುತ್ತಿರಲಿಲ್ಲ. ಎರಡನ್ನೂ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಅಪ್ಪ ಒಂದು ಜಾಬ್ ಪುಸ್ತಕ ಇಟ್ಟಿದ್ದರು. ಉದ್ದನೆಯ, ಕೆಂಪು ಬೆನ್ನಿನ ಲೆಕ್ಕದ ಪುಸ್ತಕ. ಗಿರಾಕಿಯ ಹೆಸರು, ಊರು, ಸಾಮಾನು, ತೊಂದರೆ, ಹಾಕಿದ ಪಾರ್ಟು, ತೆಗೆದುಕೊಂಡ ದುಡ್ಡು. ಅವರು ಅಂಗಡಿ ಮುಚ್ಚಿದ ಮೇಲೆ ಆ ಪುಸ್ತಕಗಳನ್ನು ನಾನು ಎತ್ತಿಟ್ಟುಕೊಂಡೆ. ಎಂಬತ್ತರ ದಶಕದ ಪುಟಗಳ ತುಂಬ ‘ಬಿ/ಡಬ್ಲ್ಯು ಟಿವಿ’, ‘ಟೇಪ್’, ‘ಸ್ಟೆಬಿಲೈಜರ್’. ತೊಂಬತ್ತರ ದಶಕದ ಪುಟಗಳಲ್ಲಿ ಅವುಗಳ ನಡುವೆ ‘ವಿ.ಗೇಮ್’ ಎಂಬ ಹೊಸ ಸಾಮಾನು ಕಾಣಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಪುಟಗಳಲ್ಲಿ ಅದು ಹೆಚ್ಚು, ಜೂನಿನಲ್ಲಿ ಶಾಲೆ ಶುರುವಾದ ಕೂಡಲೇ ಇಳಿಕೆ. ಊರಿನ ಮಕ್ಕಳ ಬೇಸಿಗೆ ರಜೆಯ ಚರಿತ್ರೆ ಬೇಕಾದವರಿಗೆ ಇದಕ್ಕಿಂತ ನಂಬಿಕಸ್ತ ದಾಖಲೆ ಇನ್ನೊಂದು ಇರಲಾರದು.

ಬರುತ್ತಿದ್ದ ತೊಂದರೆಗಳು ನಾಲ್ಕೈದೇ ಬಗೆ. ಅಡಾಪ್ಟರು ಹೋದರೆ ಮನೆಯವರು ರೇಡಿಯೋದ ಅಡಾಪ್ಟರು ತಂದು ಚುಚ್ಚುತ್ತಿದ್ದರು, ಪ್ಲಸ್ ಮೈನಸ್ ಅದಲುಬದಲಾಗಿ ಒಳಗಿನ 7805 ರೆಗ್ಯುಲೇಟರ್ ಐಸಿ ಸುಟ್ಟುಹೋಗುತ್ತಿತ್ತು. 9 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಮೂರು ಕಾಲಿನ ಆ ಐಸಿ ಚಿಕ್ಕಾಸಿನ ಪಾರ್ಟು. ಅದು ಸತ್ತರೆ ಇಡೀ ಪೆಟ್ಟಿಗೆ ಸತ್ತಂತೆ ಕಾಣುತ್ತಿತ್ತು. ರಿಮೋಟಿನ ವೈರು ಬುಡದಲ್ಲೇ ಒಳಗೊಳಗೆ ಕಡಿದುಹೋಗುತ್ತಿತ್ತು. ಬಟನ್ ಅಡಿಯ ರಬ್ಬರಿನ ಕರಿ ಸವೆದು ಗೊಂಬೆ ಹಾರುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ‘ಕ್ಯಾಸೆಟ್ ಬರ್ತಿಲ್ರೀ’ ಎಂಬ ದೂರು. ಕ್ಯಾಸೆಟ್ ಕೂರುವ ಕಡೆ 60 ಪಿನ್ನು. ದಾವಣಗೆರೆಯ ಧೂಳು ಆ ಪಿನ್ನುಗಳ ಮೇಲೆ ಕೂತಿರುತ್ತಿತ್ತು. ಮಕ್ಕಳು ಬಾಯಿಂದ ಉಫ್ ಎಂದು ಊದಿ ಊದಿ ಎಂಜಲಿನ ತೇವಕ್ಕೆ ತಾಮ್ರ ಹಸಿರುಗಟ್ಟಿರುತ್ತಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ತಾಮ್ರದ ಪಟ್ಟಿಗಳನ್ನು ಉಜ್ಜಿ ಹೊಳಪು ಬರಿಸುವುದು ನನ್ನ ಕೆಲಸ. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದರೆ ಅಪ್ಪ ಕ್ಯಾಸೆಟ್ಟು, ರಬ್ಬರು ಎರಡನ್ನೂ ಮುಂದಿಡುತ್ತಿದ್ದರು.

ರಿಪೇರಿಯಾದ ಮೇಲೆ ಆಡಿ ನೋಡಬೇಕಲ್ಲ. ಅದೂ ನನ್ನ ಮತ್ತು ತಮ್ಮನ ಪಾಲಿಗೆ ಬಂದ ಕೆಲಸ. ಅಪ್ಪನ ಟೆಸ್ಟಿಂಗ್ ಟಿವಿ ಹದಿನಾಲ್ಕು ಇಂಚಿನದು; ಆಂಟೆನಾದ ಚಪ್ಪಟೆ ವೈರು ಬಿಚ್ಚಿ ಗೇಮಿನ ವೈರು ಸಿಕ್ಕಿಸಿ, ಟ್ಯೂನಿಂಗ್ ತಿರುಪು ತಿರುಗಿಸಿ ಚಿತ್ರ ಹಿಡಿಯಬೇಕು. ಅಷ್ಟು ಹೊತ್ತಿಗೆ ರೈಲು ಬಂದು ಗೇಟು ಬಿತ್ತು ಎಂದರೆ ಮುಗಿಯಿತು. ಸೈಕಲ್ ಹಿಡಿದವರು, ಮಂಡಕ್ಕಿ ಚೀಲ ಹೊತ್ತ ಗಾಡಿಯವರು, ಲೂನಾ ನಿಲ್ಲಿಸಿದ ಮೇಷ್ಟ್ರು ಎಲ್ಲರೂ ಅಂಗಡಿಯ ಕಡೆ ಕತ್ತು ಚಾಚಿ ನಿಲ್ಲುತ್ತಿದ್ದರು. ‘ಹಾರ್ಸಮ್ಮಾ, ಹಾರ್ಸು, ಗುಂಡಿ ಐತಿ’ ಎಂದು ಹೊರಗಿನಿಂದ ಕೂಗು. ಗೇಟು ಎದ್ದರೂ ಕೆಲವರು ಹೋಗುತ್ತಿರಲಿಲ್ಲ.

ಅಪ್ಪನಿಗೆ ಒಂದು ದೂರು ಮಾತ್ರ ಬಹಳ ದಿನ ಕಾಡಿತು. ‘ಇಬ್ರು ಆಡಿದ್ರೆ ಗೊಂಬೆ ಮಿಣುಕ್ತಾವ್ರೀ, ಒಬ್ರೇ ಆಡಿದ್ರೆ ಸರಿ ಇರ್ತಾವು’ ಎಂದು ಎಷ್ಟೋ ಮಂದಿ ಪೆಟ್ಟಿಗೆ ತರುತ್ತಿದ್ದರು. ಅಪ್ಪ ಕೆಪಾಸಿಟರ್ ಬದಲಿಸಿ ನೋಡಿದರು, ಸೋಲ್ಡರಿಂಗ್ ಹೊಸದಾಗಿ ಮಾಡಿದರು. ಮಿಣುಕುವುದು ಹೋಗಲಿಲ್ಲ. ಹೊಸ ಪೆಟ್ಟಿಗೆಯಲ್ಲೂ ಹಾಗೇ ಇತ್ತು. ನಾನು ಎಲೆಕ್ಟ್ರಾನಿಕ್ಸ್ ಓದಿದ ಮೇಲೆ ಕಾರಣ ತಿಳಿಯಿತು. ಆ ಯಂತ್ರದ ಚಿತ್ರದ ಚಿಪ್ಪು ಓಡಾಡುವ ಗೊಂಬೆಗಳನ್ನು ಸಣ್ಣ ತುಂಡುಗಳಾಗಿ ಬರೆಯುತ್ತದೆ, ಒಂದೊಂದು ತುಂಡು 8 ಚುಕ್ಕಿ ಅಗಲ. ಟಿವಿಯ ಒಂದು ಅಡ್ಡಗೆರೆಯ ಮೇಲೆ ಅಂಥ 8 ತುಂಡುಗಳಷ್ಟೇ ಹಿಡಿಯುತ್ತವೆ. ಒಂಬತ್ತನೆಯದು ಕಾಣುವುದೇ ಇಲ್ಲ. ಒಂದು ಗೊಂಬೆಗೆ ಪಕ್ಕಪಕ್ಕದಲ್ಲಿ ಎರಡು ತುಂಡು ಬೇಕು. ಹಾಗಾದರೆ ಒಂದೇ ಮಟ್ಟದಲ್ಲಿ ನಾಲ್ಕು ಗೊಂಬೆ ನಿಂತರೆ ಜಾಗ ಭರ್ತಿ. ಆಡುವವರು ಇಬ್ಬರು, ಎದುರಿಗೆ ಮೂವರು ವೈರಿಗಳು ಬಂದರೆ ಯಾರಾದರೊಬ್ಬರು ಮಾಯವಾಗಲೇಬೇಕು. ಆಟ ಬರೆದವರು ಜಾಣರು. ಸರದಿಯ ಮೇಲೆ ಈ ಕ್ಷಣ ಒಬ್ಬನನ್ನು, ಮರುಕ್ಷಣ ಇನ್ನೊಬ್ಬನನ್ನು ಮರೆಮಾಡುತ್ತಿದ್ದರು. ಎಲ್ಲರೂ ಮಿಣುಕುತ್ತಾರೆ, ಯಾರೂ ಪೂರ್ತಿ ಕಾಣೆಯಾಗುವುದಿಲ್ಲ. ಅದನ್ನು ಕೇಳಿ ಅಪ್ಪ ಬಹಳ ಸಂತೋಷಪಟ್ಟರು. ‘ಹಂಗಾದ್ರೆ ಅದು ರಿಪೇರಿ ಅಲ್ಲ, ಜಾಗದ ಕೊರತೆ’ ಎಂದರು.

ಜಪಾನಿನ ಮಕ್ಕಳು ಈ ಆಟಗಳನ್ನು ವರ್ಷ ವರ್ಷಕ್ಕೆ ಒಂದೊಂದಾಗಿ ಕಂಡರು. ನಮಗೆ ಅವು ಹತ್ತು ವರ್ಷ ತಡವಾಗಿ, ಎಲ್ಲವೂ ಒಂದೇ ಬೇಸಿಗೆಯಲ್ಲಿ ಬಂದವು. 1983ರ ‘ಮಾರಿಯೊ ಬ್ರದರ್ಸ್’, 1985ರ ‘ಐಸ್ ಕ್ಲೈಂಬರ್’ ಮತ್ತು ‘ಸೂಪರ್ ಮಾರಿಯೊ’, 1988ರ ‘ಕಾಂಟ್ರಾ’, 1990ರ ‘ಚಿಪ್ ಆ್ಯಂಡ್ ಡೇಲ್’ ಒಂದೇ ಕ್ಯಾಸೆಟ್ಟಿನ ಪಟ್ಟಿಯಲ್ಲಿ ಒಂದರ ಕೆಳಗೊಂದು. ಕ್ಯಾಸೆಟ್ಟಿನ ಮೇಲೆ ‘76 ಇನ್ 1’, ‘168 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಅದೇ ಆಟ ಬೇರೆ ಬೇರೆ ಹೆಸರಲ್ಲಿ ಎಂಟು ಹತ್ತು ಸಲ ಬರುತ್ತಿದ್ದದ್ದು ಆಮೇಲೆ ತಿಳಿಯುತ್ತಿತ್ತು. ಯಾವುದು ಹಳೆಯದು, ಯಾವುದು ಹೊಸದು ಎಂಬ ತಿಳಿವಳಿಕೆ ನಮಗಿರಲಿಲ್ಲ. ಹೀಗಾಗಿ ಇಬ್ಬರನ್ನು ಒಂದೇ ಪರದೆಯ ಮೇಲೆ ಆಡಿಸುವುದು ಹೇಗೆ ಎಂಬ ಪ್ರಶ್ನೆಗೆ ಏಳೆಂಟು ವರ್ಷಗಳಲ್ಲಿ ಬೇರೆ ಬೇರೆಯವರು ಕಂಡುಕೊಂಡ ಉತ್ತರಗಳನ್ನೆಲ್ಲ ನಾವು ಒಟ್ಟಿಗೆ ಇಟ್ಟು ನೋಡಿದೆವು. ಚರಿತ್ರೆಯನ್ನು ಹೀಗೆ ಕಾಣುವ ಅವಕಾಶ ಅದನ್ನು ಬದುಕಿದವರಿಗೇ ಸಿಗಲಿಲ್ಲ.

ಪ್ರಶ್ನೆ ಸಣ್ಣದಲ್ಲ. ಪರದೆ ಒಂದೇ. ಒಬ್ಬ ಮುಂದೆ ಓಡಿದ, ಇನ್ನೊಬ್ಬ ಹಿಂದೆ ಉಳಿದ. ಪರದೆ ಯಾರ ಜೊತೆ ಹೋಗಬೇಕು?

ಸೂಪರ್ ಮಾರಿಯೊ ಜಂಪ್‌ಮ್ಯಾನ್ ಹಿಡಿದ ಹಳೆಯ ದಾರಿಯನ್ನೇ ಹಿಡಿಯಿತು. ಮಾರಿಯೊ ಸತ್ತ ಮೇಲೆ ತಮ್ಮ ಲೂಯಿಜಿಯ ಪಾಳಿ. ಚೆನ್ನಾಗಿ ಆಡುವವನು ಸಾಯುವುದೇ ಇಲ್ಲ, ಎರಡನೆಯವನಿಗೆ ಕಾಯುವುದೇ ಆಟ. ಮಾರಿಯೊ ಬ್ರದರ್ಸ್ ಪರದೆಯನ್ನು ಅಲುಗಾಡದಂತೆ ನಿಲ್ಲಿಸಿತು. ಎರಡೂ ಗೊಂಬೆ ಒಂದೇ ಚೌಕದೊಳಗೆ. ಕೆಳಗಿನಿಂದ ನೆಲಕ್ಕೆ ಗುದ್ದಿದರೆ ಮೇಲಿನ ಆಮೆ ಅಂಗಾತ ಬೀಳುತ್ತದೆ, ಅಲ್ಲಿ ಅಣ್ಣ ನಿಂತಿದ್ದರೆ ಅವನೂ ಮೇಲಕ್ಕೆ ಚಿಮ್ಮುತ್ತಾನೆ. ಸಹಾಯ ಮಾಡುವ ಬಟನ್ನೂ ಅದೇ, ದ್ರೋಹ ಮಾಡುವ ಬಟನ್ನೂ ಅದೇ. ಐಸ್ ಕ್ಲೈಂಬರ್ ಇನ್ನೊಂದು ದಾರಿ ತೋರಿಸಿತು: ಪರದೆ ಮೇಲೆ ಹತ್ತಿದವನ ಜೊತೆ ಹೋಗುತ್ತದೆ, ಕೆಳಗುಳಿದವನು ಸಾಯುತ್ತಾನೆ. ಕಾಂಟ್ರಾದ ಮೂರನೇ ಹಂತದ ಜಲಪಾತದಲ್ಲೂ ಅದೇ ನಿಯಮ. ನಮ್ಮೂರಲ್ಲಿ ಅತಿ ಹೆಚ್ಚು ಜಗಳ ಆದದ್ದು ಆ ಜಲಪಾತದಲ್ಲಿ. ನೀಲಿ ಪ್ಯಾಂಟಿನವನು ಒಂದು ಬಂಡೆ ಹಾರಿದ, ಕೆಂಪು ಪ್ಯಾಂಟಿನವನ ಕಾಲ ಕೆಳಗಿನ ಬಂಡೆ ಪರದೆಯಿಂದ ಹೊರಗೆ ಹೋಯಿತು, ಅಷ್ಟೇ. ಜಲಪಾತ ಬಂದ ಕೂಡಲೇ ‘ಒಂದ್ ಹೆಜ್ಜಿ ನಾನು, ಒಂದ್ ಹೆಜ್ಜಿ ನೀನು’ ಎಂದು ಬಾಯಲ್ಲಿ ಹೇಳಿಕೊಂಡು ಹತ್ತುವುದನ್ನು ಹುಡುಗರು ಕಲಿತರು. ಚಿಪ್ ಆ್ಯಂಡ್ ಡೇಲ್‌ನಲ್ಲಿ ಜೊತೆಗಾರನನ್ನು ಎತ್ತಿ ಹೊತ್ತುಕೊಂಡೇ ಹೋಗಬಹುದಿತ್ತು. ಪುಟ್ಟ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ.

ಆಡುವವರು ಇಬ್ಬರು ಎಂಬುದು ಪೆಟ್ಟಿಗೆಯ ಲೆಕ್ಕ. ವಿಡಿಯೋ ಗೇಮ್ ಅಂಗಡಿಗಳ ಲೆಕ್ಕ ಬೇರೆ. ತೊಂಬತ್ತರ ದಶಕದ ನಡುವಿನಲ್ಲಿ ಊರಿನ ಪೇಟೆಗಳಲ್ಲಿ ಸಣ್ಣ ಸಣ್ಣ ಕೋಣೆಗಳಲ್ಲಿ ನಾಲ್ಕೈದು ಟಿವಿ ಇಟ್ಟು ಗಂಟೆ ಲೆಕ್ಕದಲ್ಲಿ ಆಡಿಸುವವರು ಹುಟ್ಟಿಕೊಂಡರು. ದುಡ್ಡು ಟಿವಿಗೆ, ತಲೆಗಲ್ಲ. ಗಂಟೆಗೆ 5 ರೂಪಾಯಿ ಎಂದರೆ ಒಬ್ಬರು ಕೂತರೂ 5, ಇಬ್ಬರು ಕೂತರೂ 5. ಇಬ್ಬರ ಆಟ ದಾವಣಗೆರೆಯಲ್ಲಿ ಗೆದ್ದದ್ದರ ಹಿಂದೆ ಈ ಲೆಕ್ಕ ಇದೆ. ಹುಡುಗರು ಐವರು ಸೇರಿ ಒಂದೊಂದು ರೂಪಾಯಿ ಹಾಕುತ್ತಿದ್ದರು. ಮೂವರು ಹಿಂದೆ ನಿಲ್ಲುವುದು. ಒಂದು ಲೈಫ್ ಹೋದರೆ ರಿಮೋಟು ಕೈ ಬದಲಾಗಬೇಕು. ಪಾಳಿಯ ನಿಯಮವನ್ನು ಆಟ ಬರೆದವರು ಕೈಬಿಟ್ಟಿದ್ದರು, ನಮ್ಮ ಹುಡುಗರು ಅದನ್ನು ಆಟದ ಹೊರಗೆ ಮತ್ತೆ ಕಟ್ಟಿದರು. ಮೂರು ಪಾಳಿಯಲ್ಲಿ ನಡೆಯುವ ಹತ್ತಿ ಮಿಲ್ಲುಗಳ ಊರಿನಲ್ಲಿ ಬೆಳೆದವರಿಗೆ ಪಾಳಿ ಹೇಳಿಕೊಡಬೇಕಾಗಿರಲಿಲ್ಲ. ಆ ಮಿಲ್ಲುಗಳು ಆಗಲೇ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಹಗಲು ಹೊತ್ತಿನಲ್ಲಿ ಮನೆಯಲ್ಲೇ ಉಳಿದ ಅಪ್ಪಂದಿರ ಕಣ್ಣು ತಪ್ಪಿಸಿ ಬಂದ ಹುಡುಗರೂ ಆ ಕೋಣೆಗಳಲ್ಲಿ ಇರುತ್ತಿದ್ದರು.

ಹುಡುಗಿಯರು ಅಲ್ಲಿಗೆ ಹೋಗುತ್ತಿರಲಿಲ್ಲ. ಹೋಗಬಾರದೆಂದು ಬೋರ್ಡೇನೂ ಇರಲಿಲ್ಲ, ಆದರೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಆಡಿದರೆ ನಮಗೆ ಎರಡನೇ ರಿಮೋಟು. ಜಪಾನಿನ ಮೂಲ ಯಂತ್ರದಲ್ಲೇ ಎರಡನೇ ರಿಮೋಟಿಗೆ ಸ್ಟಾರ್ಟ್, ಸೆಲೆಕ್ಟ್ ಬಟನ್ ಇರಲಿಲ್ಲ. ಅದರ ಬದಲು ಒಂದು ಪುಟ್ಟ ಮೈಕು ಇತ್ತು. ನಕಲು ಮಾಡಿದವರಲ್ಲಿ ಹೆಚ್ಚಿನವರು ಬಟನ್ ಇಲ್ಲದಿರುವುದನ್ನು ಉಳಿಸಿಕೊಂಡು ಮೈಕನ್ನು ಬಿಟ್ಟರು. ಹಾಗಾಗಿ ಎರಡನೇ ರಿಮೋಟು ಹಿಡಿದವರು ಆಟ ಶುರು ಮಾಡುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ, ಯಾವ ಆಟವೆಂದು ಆರಿಸುವ ಹಾಗೂ ಇಲ್ಲ. ಅಮ್ಮ ನೀರಿಗೆ ಕರೆದರೆ ಎದ್ದು ಹೋಗಲು ತಮ್ಮನ ಅಪ್ಪಣೆ ಬೇಕು. ತಮ್ಮ ನನಗಿಂತ ಮೂರು ವರ್ಷ ಚಿಕ್ಕವನು! ನನ್ನ ವಾರಗೆಯ ಹೆಂಗಸರನ್ನು ಈ ಬಗ್ಗೆ ಮಾತಾಡಿಸಿದರೆ, ಆಟದ ಹೆಸರು ಮರೆತವರಿಗೂ ಸ್ಟಾರ್ಟ್ ಬಟನ್ ಇಲ್ಲದ ರಿಮೋಟು ನೆನಪಿರುತ್ತದೆ.

ನನ್ನ ಕೈಗೆ ಇನ್ನೊಂದು ಅಧಿಕಾರ ಸಿಕ್ಕಿತು, ಅದು ಸಿಕ್ಕಿದ್ದು ಹರಿಹರದಲ್ಲಿ.

ಸೋದರಮಾವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್. 1941ರಲ್ಲಿ ಶುರುವಾಗಿ ಇಡೀ ದೇಶಕ್ಕೆ ಲೇತ್ ಮಾಡಿಕೊಟ್ಟ ಕಾರ್ಖಾನೆ ಅದು. ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತುಗಳು ಇವತ್ತಿಗೂ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ರಜೆ ಬಂತೆಂದರೆ ರೈಲು ಹತ್ತಿ ಹರಿಹರಕ್ಕೆ. ಹದಿನೈದು ಕಿಲೋಮೀಟರಿನ ಒಳಗಿನ ದಾರಿ. ಕ್ವಾರ್ಟರ್ಸಿನಲ್ಲಿ ಒಂದು ಮನೆಗೆ ವಿಡಿಯೋ ಗೇಮು ಬಂದರೆ ಅದು ಇಡೀ ಸಾಲಿಗೆ ಬಂದ ಹಾಗೆ. ನಡುಮನೆಯಲ್ಲಿ ಟಿವಿ, ಮುಂದೆ ಇಬ್ಬರು, ಹಿಂದೆ ಹತ್ತು ಹನ್ನೆರಡು ಮಕ್ಕಳು, ಬಾಗಿಲಲ್ಲಿ ಮೊದಲನೇ ಪಾಳಿ ಮುಗಿಸಿ ಬಂದ ಗಂಡಸರು. ಪ್ರತಿಯೊಬ್ಬರಿಗೂ ಒಂದು ಕೆಲಸ ಹಂಚಿಕೆಯಾಗಿರುತ್ತಿತ್ತು. ಒಬ್ಬ ‘ಮ್ಯಾಲಿಂದ ಬರಾಕತ್ಯಾನ’ ಎಂದು ಕೂಗುವವನು, ಒಬ್ಬ ಲೈಫ್ ಎಣಿಸುವವನು, ಒಬ್ಬ ಅಡಾಪ್ಟರು ಬಿಸಿಯಾಯಿತೇ ಎಂದು ಮುಟ್ಟಿ ನೋಡುವವನು. ಬೇಸಿಗೆಯ ಲೋಡ್‌ಶೆಡ್ಡಿಂಗಿನಲ್ಲಿ ಕರೆಂಟು ಹೋದರೆ ಎಂಟು ಹಂತದ ಕಾಂಟ್ರಾದಲ್ಲಿ ಏಳನೆಯದಕ್ಕೆ ಬಂದಿದ್ದರೂ ಮತ್ತೆ ಮೊದಲಿನಿಂದ. ಆಡಿದ್ದನ್ನು ಉಳಿಸಿಕೊಳ್ಳುವ ಏರ್ಪಾಡು ಆ ಕ್ಯಾಸೆಟ್ಟುಗಳಲ್ಲಿ ಇರಲಿಲ್ಲ.

ಮಾವ ಆಗ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಲೇತ್ ಕಲಿಯುತ್ತಿದ್ದರು. ಅವರು ಬಾಗಿಲಿಗೆ ಒರಗಿ ಮಾರಿಯೊ ಹಾರುವುದನ್ನೇ ನೋಡುತ್ತಿದ್ದು ಒಂದು ದಿನ ನನ್ನನ್ನು ಕರೆದರು. ‘ನೋಡವ್ವಾ, ನಮ್ ಲೇತಿಗೆ ಎಕ್ಸ್, ಝೆಡ್ ಅಂತ ಎರಡು ದಿಕ್ಕು. ಇದಕ್ಕೂ ಎರಡು ದಿಕ್ಕು. ಬಟನ್ ಒತ್ತಿದಾಗ ಮೇಲಕ್ಕೆ ಹೋಗೋ ವೇಗ ಅಂತ ಒಂದು ನಂಬರ್ ಹಾಕ್ತಾನ. ಪ್ರತಿ ಸಲ ಚಿತ್ರ ಬರದಾಗ ಅದರಿಂದ ಸ್ವಲ್ಪ ಸ್ವಲ್ಪ ಕಳೀತಾನ. ಸೊನ್ನಿ ಆತು ಅಂದ್ರ ತುದಿ ಮುಟ್ಟಿದ, ಆಮ್ಯಾಲೆ ಕೆಳಗ ಬರ್ತಾನ.’ ಪ್ಲಾಟ್‌ಫಾರ್ಮ್ ಆಟದ ಜೀವಾಳವನ್ನು ಇಷ್ಟು ಸ್ವಚ್ಛವಾಗಿ ಆಮೇಲೆ ಯಾವ ಪುಸ್ತಕವೂ ನನಗೆ ಹೇಳಲಿಲ್ಲ. ಸೂಪರ್ ಮಾರಿಯೊದಲ್ಲಿ ಬಟನ್ ಹೆಚ್ಚು ಹೊತ್ತು ಒತ್ತಿದರೆ ಹೆಚ್ಚು ಎತ್ತರ ಹಾರುವುದು ಯಾಕೆ ಎಂದು ಕೇಳಿದೆ. ಮಾವ ಒಂದು ಸಲ ಒತ್ತಿ, ಒಂದು ಸಲ ಬಿಟ್ಟು ನೋಡಿ, ‘ಬಟನ್ ಒತ್ತಿರೋ ತನಕ ಕಮ್ಮಿ ಕಳೀತಾನ’ ಎಂದರು. ಸರಿಯಾದ ಉತ್ತರ ಅದೇ.

ಕಾಂಟ್ರಾದ 30 ಲೈಫಿನ ಗುಟ್ಟು ನನಗೆ ಸಿಕ್ಕಿದ್ದು ಆ ಸಾಲಿನ ಒಂದು ಮನೆಯಲ್ಲಿ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಇಬ್ಬರು ಆಡುವುದಾದರೆ ಆಮೇಲೆ ಒಂದು ಸೆಲೆಕ್ಟ್, ಕೊನೆಗೆ ಸ್ಟಾರ್ಟ್. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ, 1986ರಲ್ಲಿ ಬಿಡುಗಡೆಯಾದ ಫ್ಯಾಮಿಲಿ ಕಂಪ್ಯೂಟರಿನ ‘ಗ್ರೇಡಿಯಸ್’ ಆಟವನ್ನು ಪರೀಕ್ಷೆ ಮಾಡುವಾಗ ತನ್ನ ಅನುಕೂಲಕ್ಕೆ ಬರೆದುಕೊಂಡ ಸಾಲು ಅದು. ತೆಗೆಯದೆ ಹಾಗೇ ಉಳಿದು, ಆಮೇಲಿನ ಆಟಗಳಿಗೂ ಹೋಯಿತು. ಜಪಾನಿನಿಂದ ಹರಿಹರಕ್ಕೆ ಅದು ಯಾರ ಬಾಯಿಂದ ಯಾರ ಬಾಯಿಗೆ ಹೋಗುತ್ತಾ ಬಂದು ಮುಟ್ಟಿತೋ. ನಾನು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಒಳಗೆ ಬಾಣದ ಗುರುತು ಹಾಕಿ ಬರೆದುಕೊಂಡು ರೈಲಿನಲ್ಲಿ ದಾವಣಗೆರೆಗೆ ತಂದೆ. ಸ್ಟಾರ್ಟ್ ಬಟನ್ ತಮ್ಮನ ಕೈಯಲ್ಲಿ, ಗುಟ್ಟು ನನ್ನ ಬಾಯಲ್ಲಿ. ನಾನು ಹೇಳದಿದ್ದರೆ ಮೂರೇ ಲೈಫು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾವ ಆಟ, ಎಷ್ಟು ಹೊತ್ತು ಎಂಬುದು ಇಬ್ಬರೂ ಕೂತು ಮಾತಾಡಿ ತೀರ್ಮಾನವಾಗತೊಡಗಿತು.

ಕಾಂಟ್ರಾದಲ್ಲಿ ನನಗೆ ಅತಿ ಪ್ರಿಯವಾದದ್ದು ಇನ್ನೊಂದಿದೆ. ಒಬ್ಬರ ಲೈಫೆಲ್ಲ ಮುಗಿದರೆ ಇನ್ನೊಬ್ಬರ ಖಾತೆಯಿಂದ ಒಂದನ್ನು ತೆಗೆದುಕೊಂಡು ಮತ್ತೆ ಎದ್ದು ನಿಲ್ಲಬಹುದಿತ್ತು. ಕೇಳಬೇಕಾಗಿಲ್ಲ, ಬಟನ್ ಒತ್ತಿದರೆ ಸಾಕು. ಹಾಗಿದ್ದರೂ ಹರಿಹರದ ಆ ಕ್ವಾರ್ಟರ್ಸಿನಲ್ಲಿ ಯಾರೂ ಕೇಳದೆ ತೆಗೆದುಕೊಳ್ಳುತ್ತಿರಲಿಲ್ಲ. ‘ಒಂದ್ ಲೈಫ್ ತಗೊಳ್ಳೇನಲೇ?’ ಎಂದು ಕೇಳುವುದು, ಆ ಕಡೆಯವನು ‘ತಗೊ’ ಎನ್ನುವುದು. ಪ್ರೋಗ್ರಾಮಿನಲ್ಲಿ ಇಲ್ಲದ ಈ ಮರ್ಯಾದೆಯನ್ನು ಮಕ್ಕಳೇ ಮಾಡಿಕೊಂಡದ್ದು. ಶತಮಾನ ತಿರುಗುವ ಹೊತ್ತಿಗೆ ಆ ಕಾರ್ಖಾನೆ ಮುಚ್ಚಿತು. ಕ್ವಾರ್ಟರ್ಸಿನ ಮನೆಗಳು ಖಾಲಿಯಾಗಿ ಆ ಮಕ್ಕಳೆಲ್ಲ ಬೆಂಗಳೂರು, ಪುಣೆ, ಹೊಸೂರು ಎಂದು ಚದುರಿದರು.

ದಾವಣಗೆರೆ 1997ರ ಆಗಸ್ಟ್ 15ರಂದು ಜಿಲ್ಲೆಯಾಯಿತು. ಅದೇ ಕಾಲದಲ್ಲಿ ಊರಿನ ತುಂಬ ಕಂಪ್ಯೂಟರ್ ಸೆಂಟರುಗಳು ತೆರೆದವು. ಚಪ್ಪಲಿ ಹೊರಗೆ ಬಿಟ್ಟು, ಎಸಿಯ ತಂಪಿನಲ್ಲಿ ಒಂದು ಯಂತ್ರಕ್ಕೆ ಮೂವರಂತೆ ಕೂರಬೇಕು. ಡಾಸ್, ವರ್ಡ್‌ಸ್ಟಾರ್ ಕಲಿಸಿ ಮುಗಿದ ಮೇಲೆ ಉಳಿದ ಹತ್ತು ನಿಮಿಷ ‘ಡೇವ್’. ಜಾನ್ ರೊಮೆರೊ ಬರೆದ ‘ಡೇಂಜರಸ್ ಡೇವ್’ ಶುದ್ಧವಾಗಿ ಒಬ್ಬರ ಆಟ, ಹತ್ತು ಹಂತದ್ದು. ಆದರೆ ನಾವಿದ್ದದ್ದು ಮೂವರು. ಒಬ್ಬರು ಬಾಣದ ಕೀಲಿಗಳ ಮೇಲೆ ಕೈಯಿಟ್ಟು ಡೇವನನ್ನು ನಡೆಸಿ ಹಾರಿಸುವುದು, ಇನ್ನೊಬ್ಬರು ಕಂಟ್ರೋಲ್ ಕೀಲಿಯಲ್ಲಿ ಗುಂಡು ಹಾರಿಸುವುದು, ಮೂರನೆಯವರು ಆಲ್ಟ್ ಒತ್ತಿ ಜೆಟ್‌ಪ್ಯಾಕ್ ಹಚ್ಚುವುದು. ಒಂದು ಗೊಂಬೆಗೆ ಮೂರು ಮೆದುಳು. ಜಾರ್ಡನ್ ಮೆಕ್ನರ್ 1989ರಲ್ಲಿ ಮಾಡಿದ ‘ಪ್ರಿನ್ಸ್ ಆಫ್ ಪರ್ಷಿಯಾ’ದಲ್ಲೂ ಹೀಗೆಯೇ: ಓಟ ಒಬ್ಬರದು, ಶಿಫ್ಟ್ ಕೀಲಿಯ ಕತ್ತಿ ಇನ್ನೊಬ್ಬರದು. ಬಹು ಆಟಗಾರರ ಆಟ ಎಂದರೆ ಅದನ್ನು ಬರೆದವನು ಮಾಡುವಂಥದ್ದು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಊರಿನಲ್ಲಿ ಅದನ್ನು ಕುರ್ಚಿಯ ಸಂಖ್ಯೆ ತೀರ್ಮಾನಿಸುತ್ತಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸುವಂಥದ್ದು. ಹೊಸ ಶತಮಾನದಲ್ಲಿ ಗೇಮ್ ಅಂಗಡಿಗಳು ಸೈಬರ್ ಸೆಂಟರಾದವು. ಕಂಪ್ಯೂಟರುಗಳನ್ನು ವೈರಿನಿಂದ ಕಟ್ಟಿ ಹತ್ತು ಮಂದಿ ಹತ್ತು ಪರದೆಯ ಮುಂದೆ ಕೂತು ಒಬ್ಬರನ್ನೊಬ್ಬರು ಗುಂಡಿಟ್ಟು ಹೊಡೆಯುವ ಆಟ ಬಂತು. ಪರದೆ ಯಾರ ಜೊತೆ ಹೋಗಬೇಕು ಎಂಬ ಪ್ರಶ್ನೆಯೇ ಉಳಿಯಲಿಲ್ಲ, ಎಲ್ಲರಿಗೂ ಅವರವರ ಪರದೆ. ಅಪ್ಪನ ಜಾಬ್ ಪುಸ್ತಕದಲ್ಲಿ ‘ವಿ.ಗೇಮ್’ ಕಡಿಮೆಯಾಗುತ್ತ ಹೋಗಿ ಅದರ ಜಾಗಕ್ಕೆ ‘ಮೊಬೈಲ್ ಚಾರ್ಜರ್’ ಬಂದಿದೆ. ಕೊನೆಕೊನೆಯ ಪೆಟ್ಟಿಗೆಗಳಲ್ಲಿ ಚಿಪ್ಪುಗಳ ಬದಲು ಕರಿ ಅಂಟಿನ ಒಂದೇ ಒಂದು ಗುಳ್ಳೆ ಇರುತ್ತಿತ್ತು. ಇಡೀ ಯಂತ್ರ ಅದರೊಳಗೆ. ಅದನ್ನು ಬಿಚ್ಚಿ ರಿಪೇರಿ ಮಾಡುವ ದಾರಿಯೇ ಇಲ್ಲ. ‘ಇದಕ್ಕ ಕೈ ಹಾಕಾಕ ಜಾಗ ಇಲ್ಲ’ ಎಂದು ಅಪ್ಪ ವಾಪಸು ಕೊಟ್ಟುಬಿಡುತ್ತಿದ್ದರು.

ನಾನೀಗ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಸಿಲಬಸ್ಸಿನಲ್ಲಿ 6502 ಇಲ್ಲ. ಆದರೂ ವರ್ಷಕ್ಕೊಮ್ಮೆ, ಪರೀಕ್ಷೆ ಮುಗಿದ ಮೇಲೆ, ಉಳಿಯಲು ಇಷ್ಟವಿದ್ದವರಿಗೆ ಹಳೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ತೋರಿಸಿ, ಕಂಪ್ಯೂಟರಿನ ಮೇಲೆ 6502ರ ಅಸೆಂಬ್ಲಿ ಭಾಷೆಯಲ್ಲಿ ಒಂದು ಗೊಂಬೆಯನ್ನು ಹಾರಿಸಲು ಕಲಿಸುತ್ತೇನೆ. ಮಾವ ಹೇಳಿದ ಕ್ರಮದಲ್ಲೇ: ಒಂದು ನಂಬರು, ಅದರಿಂದ ಪ್ರತಿ ಸಲ ಇಷ್ಟು ಕಳೆಯಿರಿ. ಒಂದು ಗೊಂಬೆ ಹಾರಿದ ಮೇಲೆ ಎರಡನೆಯದನ್ನು ಸೇರಿಸುತ್ತಾರೆ. ಎರಡು ಗೊಂಬೆ, ಎರಡು ವೈರಿ ಎಂದಾಗ ಗೆರೆಯ 8 ತುಂಡೂ ಮುಗಿಯುತ್ತದೆ. ಆಗ ಮೂರನೇ ಆಟಗಾರನನ್ನು ಸೇರಿಸಿ ಎನ್ನುತ್ತೇನೆ. ಕೆಲವರು ವೈರಿಯನ್ನು ತೆಗೆಯುತ್ತಾರೆ, ಕೆಲವರು ಮಿಣುಕುವುದನ್ನು ಒಪ್ಪಿಕೊಳ್ಳುತ್ತಾರೆ. ಹೋದ ಸಲ ಹರಿಹರದ ಕಡೆಯಿಂದ ಬರುವ ಇಬ್ಬರು ಹುಡುಗಿಯರು ಬೇರೆ ದಾರಿ ಹಿಡಿದರು. ಎಲ್ಲ ಗೊಂಬೆಗಳನ್ನೂ ಒಂದೇ ತುಂಡಿನ ಅಗಲಕ್ಕೆ, 8 ಚುಕ್ಕಿಗೆ ಇಳಿಸಿದರು. ಕೈಕಾಲು ಸರಿಯಾಗಿ ಕಾಣುವುದಿಲ್ಲ, ಮುಖಕ್ಕೆ ನಾಲ್ಕೇ ಚುಕ್ಕಿ. ಆದರೆ ಒಂದೇ ಹಲಗೆಯ ಮೇಲೆ ನಾಲ್ವರು ಆಟಗಾರರು, ನಾಲ್ವರು ವೈರಿಗಳು ಮಿಣುಕದೆ ನಿಂತಿದ್ದರು. ನಾಲ್ಕು ಜನಕ್ಕೆ ರಿಮೋಟು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ‘ಕೀಬೋರ್ಡಿನಲ್ಲೇ ಹಂಚಿದೀವಿ ಮೇಡಂ, ಕೂತ್ಕೊಳ್ರಿ, ನಿಮಗೂ ಒಂದು ಐತಿ’ ಎಂದರು.